ಕಂಡಿಕೆಯ ಹಿಡಿ

ಬಾಕಿನ ತುದಿಗೆ ಮಶೀನು ಕಚ್ಚಿಸಿ
ಕೆಳಗಿನ ತಿರುಪು ಬಿಗಿದು, ಅಲ್ಲಾಡದಿರಲೆಂದು
ಹಳೆ ಚಾದರಿನ ಚೂರೊಂದು ನಡುವೆ ತುರುಕಿ
ಇಂದುಮತಿ ಕಾಕು ಅಂದಳು, "ಹಂ, ತಿರುವು."

ನನಗೇ ಅಂದುಕೊಂಡು ಕೈ ಚಾಚಿದೆ.
ನನಗಲ್ಲ.

ಚಾಳಿನ ಮಾಳಿಗೆ. ಬೆಳಿಗ್ಗೆ ಏಳಕ್ಕೇ
ಸೋಲಾಪುರದ ನೆಲ ಚಪ್ಪಲಿ ಕೇಳುತ್ತದೆ.
ಎರಡು ಕುರ್ಚಿಗಳ ಬೆನ್ನಿಗೆ ಅಡ್ಡ ಕೋಲು,
ಕೆಳಗೆ ತೊಳೆದು ಹಾಸಿದ ಬಿಳಿ ಧೋತರ,
ಪರಾತದಲ್ಲಿ ಒದ್ದೆ ಬಟ್ಟೆ ಹೊದ್ದು ಮಲಗಿದ ಹಿಟ್ಟು.
ಖಪಲಿ ಗೋಧಿ; ನೀರು ಚಿಮುಕಿಸಿ ಮುಚ್ಚಿಟ್ಟು, ಬೀಸಿ,
ಸೆರಗಿನಲ್ಲಿ ಸೋಸಿ, ನಾದಿ, ನಾದಿ,
ಮತ್ತೆ ಮೊಣಕೈ ನೋಯುವತನಕ ನಾದಿದ್ದು.
ಎಳೆದರೆ ಹರಿಯಬಾರದು, ಬಿಟ್ಟರೆ ಓಡಬಾರದು.
ಕಾಕುವಿನ ಅಳತೆ ಅಷ್ಟೇ. ತಕ್ಕಡಿ ಇಲ್ಲ.

ಮಿಲ್ಲು ಮುಚ್ಚಿ ಲೆಕ್ಕ ಚುಕ್ತಾ ಆದ ವರ್ಷ
ಮಂಗಳವಾರ ಪೇಠದಿಂದ ಬಂದ ಮಶೀನು ಇದು.
ಮೂರನೆಯ ಬೇಸಿಗೆಗೆ ಕಟ್ಟಿಗೆಯ ಹಿಡಿ ಸೀಳಿತು;
ಗುರುಶಾಂತ ಕಾಕಾ ಟ್ರಂಕಿನ ತಳದಿಂದ
ಕಂಡಿಕೆಯೊಂದನ್ನು ತೆಗೆದು ಮೊಳೆ ಹೊಡೆದ.
ಇನ್ನೂ ನೂಲೆಣ್ಣೆಯ ವಾಸನೆ ಇತ್ತು ಅದಕ್ಕೆ.
ಕಿಲೋಕ್ಕೆ ಇಷ್ಟು ಅಂತ ಹಿಡಿದು ಚಾಳಿನವರ ಹಿಟ್ಟೆಲ್ಲ
ಆ ಕಂಡಿಕೆಯ ಹಿಂದೆ ತಿರುಗಿತು.
ಬೋಮಡ್ಯಾಳರ ಅಂಬುಬಾಯಿಗೆ ಕೂದಲಿನಷ್ಟು ಸಣ್ಣ ಬೇಕು,
ಶಹನಾಜಳ ಅತ್ತೆಗೆ, ಈದಿಗೆ, ಅದಕ್ಕಿಂತ ಸಣ್ಣ.
ಮೂರು ಭಾಷೆಯಲ್ಲಿ ದಪ್ಪವಾಯಿತೆಂದು ಬೈಸಿಕೊಂಡು
ತಿರುವಿದವಳು ನಾನು, ಆರನೆಯ ಇಯತ್ತೆಯಿಂದ.

ಈ ಸಲ ಕಾಕಾ ಸ್ಟೂಲಿನ ಮೇಲೆ.
ಲಕ್ವಾ ಹೊಡೆದು ಎಂಟು ತಿಂಗಳು.
ಬಲಗೈಯನ್ನು ಪಾತ್ರೆ ಎತ್ತಿದಂತೆ ಎತ್ತಿ
ಬೆರಳು ಒಂದೊಂದಾಗಿ ಮಡಚಿ
ಕಂಡಿಕೆಗೆ ಸುತ್ತಿದಳು ಕಾಕು.
ದವಾಖಾನೆಯಲ್ಲಿ ಗೋಡೆಗೆ ಜಡಿದ ಚಕ್ರವಿದೆ,
ದಿನಕ್ಕೆ ನೂರು ಸುತ್ತು ಅಂದಿದ್ದರು ಡಾಕ್ಟರು.
"ಬರೇ ಗಾಳಿ ತಿರುವಿದ್ರ ಏನ ಉದುರ್ತದ?"
ಮೆಟ್ಟಿಲಿಳಿಯುತ್ತಲೇ ಅಂದಿದ್ದಳು ಈಕೆ.

ಮೊದಲು ಉಲ್ಟಾ ತಿರುಗಿಸಿದ.
ಹಿಟ್ಟು ಬಾಯಿಗೆ ಮರಳಿ ಬಂದು ಇಣುಕಿತು.
"ಅಲ್ರೀ, ಈ ಕಡಿ."
ಒಂದು ಸುತ್ತಿಗೆ ಮೂರು ಕಡೆ ನಿಂತ,
ಅರ್ಧದಲ್ಲಿ ಜೊಲ್ಲು ಒರೆಸಿಸಿಕೊಂಡ,
ಕಟ್ಟೆಯ ಮೇಲಿನ ಕಾಗೆ ಬೇಸತ್ತು ಹಾರಿತು.
ಆಮೇಲೆ ಜಾಳಿಯ ತೂತುಗಳಲ್ಲಿ ಚುಕ್ಕೆ,
ಚುಕ್ಕೆಗೆ ಬಾಲ,
ನೋಡುನೋಡುತ್ತ ಅರವತ್ತು ಎಳೆ ಒಟ್ಟಿಗೆ
ಒಂದಕ್ಕೊಂದು ಅಂಟದೆ ಇಳಿದವು.
ನಾನು ಕೋಲು ಒಡ್ಡಿ ನಡುವಿಗೆ ಎತ್ತಿಕೊಂಡೆ.
ಮಗ್ಗಕ್ಕೆ ಏರಿಸದ ಹಾಸು.

ಆಗ ಅಂಚಿನದೊಂದು ಎಳೆ ಹರಿಯಿತು.

ಕೈ ಹಿಡಿ ಬಿಟ್ಟಿತು.
ಚಹದ ಕಪ್ಪು ಎತ್ತಲಾರದ ಕೈ, ಗುಂಡಿ ಹಾಕಲಾರದ ಕೈ
ಗಾಳಿಯಲ್ಲಿ ತಡಕಾಡಿ ಎರಡೂ ತುದಿ ಹುಡುಕಿತು.
ಹೆಬ್ಬೆರಳು ಉಗುಳಿಗೆ ತುಟಿಯ ಬಳಿ ಹೋಗಿ ಬಂತು.
ಒಂದರ ಮೇಲೊಂದು ಇಟ್ಟು, ಸುತ್ತಿ, ತೂರಿಸಿ, ಎಳೆದು
ಮೂವತ್ತೊಂದು ವರ್ಷ ಭೋಂಗಾದಿಂದ ಭೋಂಗಾದವರೆಗೆ
ಹಾಕಿದ ಅದೇ ಗಂಟು,
ಹಸಿ ಶ್ಯಾವಿಗೆಗೆ.

ಕಾಕು ನೋಡಿದಳು. ನಾನೂ.
ಕೆಳಗೆ ಯಾರೋ ನಲ್ಲಿಗೆ ಕೊಡ ಹಚ್ಚಿದ್ದರು,
ತುಂಬಿ ಹೊರಚೆಲ್ಲುವ ಸದ್ದು.
"ನಿಂತ್ರ ಜಾಳಿ ಒಣಗ್ತದ," ಅಂದಳು ಆಕೆ ಕೊನೆಗೆ,
ಬೆರಳು ಮತ್ತೆ ಒಂದೊಂದಾಗಿ ಮಡಚುತ್ತ.
ಕಿರುಬೆರಳಿಗೆ ಬಂದಾಗ ಅದು ತಾನೇ ಮಡಚಿಕೊಂಡಿತ್ತು;
ಆದರೂ ಒಮ್ಮೆ ಒತ್ತಿದಳು.

ಶ್ರಾವಣದ ಸೋಮವಾರ, ತುಪ್ಪ ಹಾಲು ಬೆಲ್ಲದ ನಡುವೆ
ನನ್ನ ಬಟ್ಟಲಿನಲ್ಲಿ ಏನೋ ಹಲ್ಲಿಗೆ ಸಿಕ್ಕಿತು,
ಸಾಸಿವೆಯಷ್ಟು, ಗಟ್ಟಿ.
ನಾಲಿಗೆಯ ತುದಿಯಲ್ಲಿ ತಿರುವಿ ನೋಡಿದೆ.
ಎದುರಿಗೆ ಕಾಕಾ ಎಡಗೈಯಿಂದ ಉಣ್ಣುತ್ತಿದ್ದ,
ಚಮಚ ಬಲಗೈಗೆ ಇನ್ನೂ ಒಗ್ಗಿಲ್ಲ.

"ಯಾಕ, ಬೆಂದಿಲ್ಲೇನು?"
ಕಾಕು ಕೇಳಿದಳು, ಮೇಲೊಂದು ಸೌಟು ಸುರಿಯುತ್ತ.
"ಇವರ ಗಂಟು ಬೇಯೂದಿಲ್ಲ.
ಸುಮ್ಮ ನುಂಗು."